ಟೈರಿಗೆ 80 ಪಿಎಸ್‌ಐ ಹಾಕಿದ ಹುಡುಗಿ

ಮೊನ್ನೆ ನಮ್ಮ ಅಕ್ಕನ ಮಗಳು ಕೆಮಿಸ್ಟ್ರಿ ನೋಟ್‌ಬುಕ್ ಹಿಡ್ಕೊಂಡು ಬಂದ್ಲು. "ಮಾವ, ಒಂದೇ ಲೆಕ್ಕ, ಸರಿ ಇದೆಯಾ ನೋಡು" ಅಂದ್ಲು. ಬೆಳಗ್ಗೆ ಕಾರಿನ ಟೈರಲ್ಲಿರೋ ಗಾಳಿ 20 ಡಿಗ್ರಿ ಸೆಲ್ಸಿಯಸ್, ಗೇಜ್‌ನಲ್ಲಿ ಒತ್ತಡ 32 ಪಿಎಸ್‌ಐ. ಹೈವೇಲಿ ಓಡಿಸಿದ ಮೇಲೆ ಅದೇ ಗಾಳಿ 50 ಡಿಗ್ರಿ. ಈಗ ಗೇಜ್ ಎಷ್ಟು ತೋರಿಸುತ್ತೆ? ಇವಳ ಉತ್ತರ 80.

ಉಷ್ಣತೆ ಎಷ್ಟು ಪಟ್ಟು ಏರುತ್ತೋ ಒತ್ತಡವೂ ಅಷ್ಟೇ ಪಟ್ಟು ಏರುತ್ತೆ ಅಂತ 32 ಇಂಟು 50 ಬೈ 20. ಗುಣಾಕಾರ, ಭಾಗಾಕಾರ ಎಲ್ಲಾ ಸರಿ. ಆದ್ರೆ ಪಂಕ್ಚರ್ ಅಂಗಡೀಲಿ ಹೋಗಿ "ಅಣ್ಣಾ, ಕಾರಿಗೆ 80 ಹಾಕಿ" ಅನ್ನಿ, ಅವರು ಪೈಪ್ ಕೆಳಗಿಟ್ಟು ನಿಮ್ಮ ಮುಖ ನೋಡ್ತಾರೆ.

ಕೆಲ್ವಿನ್‌ಗೆ ಬದಲಾಯಿಸಿಲ್ಲ, ಅಷ್ಟೇ ತಾನೇ ಅಂತೀರಿ. ಹೌದು, ಅದು ಎಲ್ಲರೂ ಹೇಳಿಕೊಡೋ ಮಾತು: 273 ಸೇರಿಸು. ಯಾಕೆ ಸೇರಿಸಬೇಕು ಅಂತ ಹೇಳೋರು ಕಮ್ಮಿ. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟೋ ಜಾಗ, ಟೈರೊಳಗಿನ ಗಾಳಿಗೂ ಅದಕ್ಕೂ ಸಂಬಂಧ ಇಲ್ಲ. ಕೆಲ್ವಿನ್ ಎಣಿಕೆ ಶುರುವಾಗೋದು ಅದಕ್ಕಿಂತ 273 ಡಿಗ್ರಿ ಕೆಳಗಿರೋ ನಿಜವಾದ ಸೊನ್ನೆಯಿಂದ. ಇದೇ ಟೈರು ಬೆಳಗ್ಗೆ ಸೊನ್ನೆ ಡಿಗ್ರಿಯಲ್ಲಿ ನಿಂತಿದ್ರೆ? ಸೊನ್ನೆಯಿಂದ ಭಾಗಿಸ್ತೀಯಾ? ಅಲ್ಲಿಗೆ ಅವಳು ನಕ್ಕಳು.

ಸರಿ, 293ರಿಂದ 323 ಕೆಲ್ವಿನ್. ಉತ್ತರ 35.3 ಬಂತು. ಉತ್ತರಪಟ್ಟೀಲೂ ಅದೇ ಇತ್ತು. ನನ್ನ ತಕರಾರು ಶುರುವಾಗೋದೇ ಇಲ್ಲಿಂದ. ಗೇಜ್ ತೋರಿಸೋದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಒತ್ತಡ ಇದೆ ಅನ್ನೋದನ್ನ ಮಾತ್ರ. ಪೂರ್ತಿ ಚಪ್ಪಟೆಯಾದ ಟೈರಿಗೆ ಗೇಜ್ ಇಟ್ರೆ ಸೊನ್ನೆ ತೋರಿಸುತ್ತೆ, ಹಾಗಂತ ಒಳಗೆ ನಿರ್ವಾತ ಇದೆಯಾ? ಹೊರಗಿನ ಗಾಳಿಯ ಒತ್ತಡ, ಸಮುದ್ರಮಟ್ಟದ ಲೆಕ್ಕಕ್ಕೆ 14.7, ಸೇರಿಸಿದ್ರೆ ನಿಜವಾದ ಒತ್ತಡ 46.7. ಅದನ್ನ 323ರಿಂದ ಗುಣಿಸಿ 293ರಿಂದ ಭಾಗಿಸಿ, ಕೊನೇಲಿ 14.7 ಕಳೀರಿ. ಗೇಜ್ ತೋರಿಸೋದು 36.8. ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿಸಿ ಅಂತ ಕಂಪನಿಯವರು ಹೇಳೋದೂ ಇದಕ್ಕೇ.

ಈ ಪಾಠವನ್ನ ನಾವು ಸೂತ್ರಕ್ಕೆ ಅಂಕಿ ತುಂಬೋ ಆಟ ಮಾಡಿಬಿಟ್ಟಿದ್ದೀವಿ. 'ಪಿ ವನ್ ಬೈ ಟಿ ವನ್' ಅಂತ ಒತ್ತಡ, ಉಷ್ಣತೆಯ ಸೂತ್ರ ಬಾಯಿಗೆ ಬಂದ್ರೆ ಮುಗೀತು. ಒಳಗಿರೋ ಅನಿಲ ಅಷ್ಟೇ ಇದೆಯಾ, ಜಾಸ್ತಿ ಆಗ್ತಿದೆಯಾ ಅಂತ ಯಾರೂ ಕೇಳಲ್ಲ.

ಕುಕ್ಕರ್ ಉದಾಹರಣೇನೇ ತಗೊಳ್ಳಿ. ಬಿಸಿಯಾದ್ರೆ ಒತ್ತಡ ಏರುತ್ತೆ ಅನ್ನೋದಕ್ಕೆ ಮೇಷ್ಟ್ರುಗಳಿಗೆ ಅದೇ ಪ್ರೀತಿಯ ಉದಾಹರಣೆ. ಲೆಕ್ಕ ಮಾಡಿ ನೋಡಿ: 27 ಡಿಗ್ರಿಯಿಂದ 120ಕ್ಕೆ, ಅಂದ್ರೆ 300ರಿಂದ 393 ಕೆಲ್ವಿನ್. ಬರೀ ಗಾಳಿ ಆಗಿದ್ರೆ ಒತ್ತಡ 1ರಿಂದ 1.31 ಅಟ್ಮಾಸ್ಫಿಯರ್‌ಗೆ ಏರಬೇಕು (1 ಅಟ್ಮಾಸ್ಫಿಯರ್ ಅಂದ್ರೆ ಹೊರಗಿನ ಗಾಳಿಯ ಒತ್ತಡ). ಕುಕ್ಕರ್ ಒಳಗೆ ಇರೋದು ಹತ್ತಿರ ಹತ್ತಿರ 2. ಉಳಿದಿದ್ದು ಎಲ್ಲಿಂದ ಬಂತು? ನೀರು ಆವಿಯಾಗಿ ಒಳಗೆ ತುಂಬ್ಕೊಳ್ತಿದೆಯಲ್ಲ, ಅಲ್ಲಿಂದ. ಅಷ್ಟೇ ಅಲ್ಲ, ನಮ್ಮಮ್ಮ ಆವಿ ಜೋರಾಗಿ ಬರೋವರೆಗೂ ಕಾದು ಆಮೇಲೆ ವೆಯ್ಟ್ ಹಾಕ್ತಾರೆ. ಅಷ್ಟು ಹೊತ್ತಿಗೆ ಮೊದಲಿದ್ದ ಗಾಳಿ ಮುಕ್ಕಾಲುಪಾಲು ಅಡುಗೆಮನೆಗೆ ಹೋಗಿರುತ್ತೆ! ಮೋಲ್‌ಗಳ ಸಂಖ್ಯೆ, ಅಂದ್ರೆ ಒಳಗಿರೋ ಅನಿಲದ ಪ್ರಮಾಣ, ಸ್ಥಿರ ಅಂತ ಯಾವ ಧೈರ್ಯದ ಮೇಲೆ ಬರೀತೀರಿ?

ಎಲ್‌ಪಿಜಿ ಸಿಲಿಂಡರ್ ಲೆಕ್ಕಗಳದ್ದೂ ಇದೇ ಕಥೆ. ಬೆಂಕಿ ಬಿದ್ರೆ ಎಷ್ಟು ಡಿಗ್ರಿಗೆ ಸಿಡಿಯುತ್ತೆ ಅಂತ ಕೇಳ್ತಾರೆ, ಮಕ್ಕಳು ನೇರ ಅನುಪಾತ ಹಾಕಿ ಉತ್ತರ ತೆಗೀತಾರೆ. ಒಳಗಿರೋದು ಬಹುಪಾಲು ದ್ರವ ಸ್ವಾಮಿ! ತುಂಬಿದ ಸಿಲಿಂಡರಿಗೂ ಅರ್ಧ ಖಾಲಿಯಾದ ಸಿಲಿಂಡರಿಗೂ ಒಂದೇ ಉಷ್ಣತೆಯಲ್ಲಿ ಒತ್ತಡ ಹೆಚ್ಚುಕಮ್ಮಿ ಒಂದೇ. ಅದಕ್ಕೇ 14.2 ಕೆಜಿ ಅಂತ ತೂಕ ಹಾಕಿ ಕೊಡೋದು, ಒತ್ತಡ ಅಳೆದಲ್ಲ.



ಕೊನೆಗೆ ಅವಳು 36.8 ಬರೆದ್ಲು, ಪಕ್ಕದಲ್ಲಿ '14.7 ಸೇರಿಸಿ ಕಳೆದಿದ್ದೇನೆ' ಅಂತ ಒಂದು ಸಾಲು. ಮಾರನೇ ದಿನ ನೋಟ್‌ಬುಕ್ ತಂದು ತೋರಿಸಿದ್ಲು. ಕೆಂಪು ಇಂಕಲ್ಲಿ ಇಂಟು ಮಾರ್ಕು, ಪಕ್ಕದಲ್ಲಿ 35.3. ಅದರ ಕೆಳಗೆ ಪೆನ್ಸಿಲಲ್ಲಿ ಇವಳೇ ಬರೆದಿದ್ಲು: 'ಸರ್, ಚಪ್ಪಟೆ ಟೈರಲ್ಲಿ ಗಾಳಿ ಇರಲ್ವಾ?'