ಮನೆ ಕಂದಾಯದ ರಸೀದಿ

ಕೇಳುಗರಿಗೆ ನಮಸ್ಕಾರ. ಗೋಡೆಯ ಗೂಡಿನಲ್ಲೋ, ಪಡಿತರ ಚೀಟಿಯ ಮಡಿಕೆಯಲ್ಲೋ ಇಟ್ಟಿರುವ ಮನೆ ಕಂದಾಯದ ರಸೀದಿ ಕೈಗೆ ಸಿಗುವಂತಿದ್ದರೆ ತೆಗೆದುಕೊಳ್ಳಿ. ಸಿಗದಿದ್ದರೂ ಚಿಂತೆಯಿಲ್ಲ, ಲೆಕ್ಕ ಸುಲಭದ್ದೇ.

ಗ್ರಾಮ ಪಂಚಾಯತಿಗೆ ನೀವು ಕಟ್ಟುವ ಕಂದಾಯ 500 ರೂಪಾಯಿ ಎಂದುಕೊಳ್ಳೋಣ. ಅದರ ಮೇಲೆ ನೂರಕ್ಕೆ 15ರಂತೆ ಆರೋಗ್ಯ ಕರ, 10ರಂತೆ ಶಿಕ್ಷಣ ಕರ, 6ರಂತೆ ಗ್ರಂಥಾಲಯ ಕರ, 3ರಂತೆ ಭಿಕ್ಷುಕರ ಕರ. ಸೇರಿದರೆ 170. ಕರ ವಸೂಲಿಗಾರ 670 ಕೇಳುತ್ತಾನೆ, ನಾವು ಗೊಣಗುತ್ತಾ ಕೊಡುತ್ತೇವೆ. ಭಿಕ್ಷುಕರ ಕರ ಎಂಬ ಹೆಸರು ಕೇಳಿ ನಕ್ಕವರನ್ನೂ ನೋಡಿದ್ದೇನೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ನಿರ್ಗತಿಕರ ಪುನರ್ವಸತಿಗೆ ಹೋಗುವ ದುಡ್ಡು ಅದು.

ನನಗೆ ಕಾಡುವುದು ಗ್ರಂಥಾಲಯದ 30 ರೂಪಾಯಿ. ಸಾವಿರ ಮನೆಯ ಪಂಚಾಯತಿಯಲ್ಲಿ ಎಲ್ಲರೂ ಇಷ್ಟೇ ಕಟ್ಟಿದರೆ ವರ್ಷಕ್ಕೆ 30 ಸಾವಿರ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಬಾಗಿಲು ತೆರೆದಿದೆಯೇ, ಪತ್ರಿಕೆ ಬರುತ್ತಿದೆಯೇ ಎಂದು ಕೇಳಬೇಕಾದ ಜಾಗ ಈಗ ನಮ್ಮ ಪಂಚಾಯತಿ ಕಚೇರಿಯೇ. ಆದರೆ ಏಪ್ರಿಲ್ ತಿಂಗಳಲ್ಲಿ ಕೊಳವೆ ಬಾವಿಯ ಮೋಟಾರು ಸುಟ್ಟು, ಖಾಲಿ ಕೊಡ ಹಿಡಿದ ಜನ ಕಚೇರಿಯ ಮುಂದೆ ನಿಂತಾಗ ಪುಸ್ತಕದ ಮಾತು ಎತ್ತುವ ಧೈರ್ಯ ಯಾವ ಸದಸ್ಯನಿಗೂ ಇರುವುದಿಲ್ಲ. ಒಂದು ಅವಧಿಗೆ ಸದಸ್ಯನಾಗಿದ್ದ ನನಗೂ ಇರಲಿಲ್ಲ.

ಮೇಲಿನಿಂದ ಲಕ್ಷಗಟ್ಟಲೆ ಅನುದಾನ ಬರುತ್ತದಲ್ಲ ಎನ್ನುತ್ತೀರಿ. ಬರುತ್ತದೆ, ಕಟ್ಟು ಹಾಕಿಕೊಂಡೇ ಬರುತ್ತದೆ. ಕೇಂದ್ರದ ತೆರಿಗೆ ಹಣದ ಹಂಚಿಕೆ ಹೇಳುವ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಉಳಿದ ಶೇ 40ರಲ್ಲಿ ಸಂಬಳ ಕೊಡುವಂತಿರಲಿಲ್ಲ. ಹೀಗಾಗಿ ಸದಸ್ಯರು ಕುಳಿತು ತಮ್ಮ ಬುದ್ಧಿಯಿಂದ ತೀರ್ಮಾನಿಸಬಹುದಾದ ಹಣವೆಂದರೆ ಹೆಚ್ಚಾಗಿ ನಮ್ಮ ಕಂದಾಯವೇ. ಅದರಲ್ಲೂ ಶೇ 5 ಅಂಗವಿಕಲರಿಗೆಂದು ಎತ್ತಿಡಬೇಕು. ನಿಮ್ಮ ಪಂಚಾಯತಿ ಕಚೇರಿಯ ಮೆಟ್ಟಿಲ ಪಕ್ಕ ಗಾಲಿಕುರ್ಚಿ ಹತ್ತುವಂಥ ಇಳಿಜಾರು ಇದೆಯೇ, ಮುಂದಿನ ಸಲ ಹೋದಾಗ ನೋಡಿ.

ವಾರ್ಡ್ ಸಭೆಯ ಒಂದು ಸಂಗತಿ ಹೇಳಬೇಕು. ಅರಳಿಕಟ್ಟೆಯ ಮುಂದೆ ಜಮಖಾನ ಹಾಸಿದ್ದೆವು. ಮನೆ ಮಂಜೂರಾತಿಯ ಪಟ್ಟಿ ಓದಿ ಮುಗಿಯುವವರೆಗೆ ಕಾಲಿಡಲು ಜಾಗವಿರಲಿಲ್ಲ, ಮುಗಿದ ಮೇಲೆ ಜಮಖಾನದಲ್ಲಿ ಉಳಿದವರು ಹನ್ನೊಂದು ಮಂದಿ. ಅವರಲ್ಲೊಬ್ಬ ಹೆಂಗಸು, ಹಾಲಿನ ಡೈರಿಯ ತಿರುವಿನಲ್ಲಿ ದೀಪವಿಲ್ಲ, ಬೆಳಗಿನ ಐದಕ್ಕೆ ಕ್ಯಾನು ಹಿಡಿದು ನಡೆಯುವವರು ನಾವು ಎಂದರು. ‘ಆಯಿತಮ್ಮ, ಮಾಡಿಸೋಣ’ ಎಂದೆ. ಆಕೆ ಕೂರಲಿಲ್ಲ. ‘ಬರೆದುಕೊಳ್ಳಿ ಸ್ವಾಮಿ, ಬರೆದದ್ದನ್ನು ಓದಿ ಹೇಳಿ’ ಎಂದರು. ಕಾರ್ಯದರ್ಶಿ ನಡವಳಿ ಪುಸ್ತಕದಲ್ಲಿ ಬರೆದು ಗಟ್ಟಿಯಾಗಿ ಓದಿದರು. ಆ ಸಾಲು ಗ್ರಾಮಸಭೆಗೆ ಹೋಯಿತು, ಅಲ್ಲಿಂದ ಕ್ರಿಯಾ ಯೋಜನೆಗೆ. ದೀಪ ಬಂತು. ದಾರಿಯಲ್ಲಿ ಬೈಕು ನಿಲ್ಲಿಸಿ ನನಗೆ ಹೇಳಿದ್ದ ಇನ್ನೆಷ್ಟೋ ದೀಪಗಳು ದಾರಿಯಲ್ಲೇ ಉಳಿದವು.

ಬರೆದದ್ದು ನಡೆಯಿತೇ ಎಂದು ನೋಡಲು ಜಮಾಬಂದಿ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯತಿಯ ಹಿಂದಿನ ವರ್ಷದ ಲೆಕ್ಕವನ್ನು ಊರವರ ಮುಂದೆ ಬಿಚ್ಚಿಡಬೇಕು. ನಗದು ಪುಸ್ತಕ, ವೋಚರು, ಮಾಡಿದ ಕಾಮಗಾರಿ ಎಲ್ಲವನ್ನೂ. ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಗ್ರಂಥಾಲಯದ 30 ರೂಪಾಯಿಗೆ ಯಾವ ಪತ್ರಿಕೆ ಬರುತ್ತಿದೆ ಎಂದು ಕೇಳಿ. ಪುಟ ಹುಡುಕುವವರೆಗೆ ಸ್ವಲ್ಪ ಕಾಯಬೇಕಾದೀತು. ಕುರ್ಚಿಗಳೇನೋ ಖಾಲಿಯೇ ಇರುತ್ತವೆ.

ನಮಸ್ಕಾರ.