ಬಾಗಿಲು ಹಾಕಬೇಕಿದ್ದ ನಾಲ್ಕು ಹೈಸ್ಕೂಲುಗಳು

ಕೇಳುಗರೇ, ನಮಸ್ಕಾರ.

2012ರ ಜನವರಿ 6, ಶುಕ್ರವಾರ. ಅಮೆರಿಕದ ಫಿಲಡೆಲ್ಫಿಯಾದ ಕ್ಯಾಥೊಲಿಕ್ ಮನೆಗಳಿಗೆ ಅವತ್ತು ಕೆಟ್ಟ ಸುದ್ದಿ ಬಂತು. ನಾಲ್ಕು ಹೈಸ್ಕೂಲುಗಳನ್ನು ಮುಚ್ಚಬೇಕು, ನಲವತ್ತಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಮುಚ್ಚಬೇಕು ಇಲ್ಲವೇ ಒಂದರೊಳಗೊಂದು ಸೇರಿಸಬೇಕು ಅಂತ ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪ್‌ನ ಆಡಳಿತಕ್ಕೆ ಸೇರಿದ ಪ್ರದೇಶದ, ಸಮಿತಿ ಶಿಫಾರಸು ಮಾಡಿತ್ತು. ಜೂನ್‌ಗೆ ಎಲ್ಲ ಮುಗಿಯಬೇಕಿತ್ತು.

ಇದು ನಡೆದ ಊರು ಯಾವುದು ನೋಡಿ. 1852ರಲ್ಲಿ ಇಲ್ಲಿಗೆ ಬಿಷಪ್ ಆಗಿ ಬಂದ ಜಾನ್ ನ್ಯೂಮನ್, ಚರ್ಚ್ ಶಾಲೆಗಳನ್ನೆಲ್ಲ ಒಂದು ವ್ಯವಸ್ಥೆಯೊಳಗೆ ತಂದವರು. ಐರ್ಲೆಂಡ್, ಇಟಲಿ, ಪೋಲೆಂಡ್‌ನಿಂದ ಹೊಟ್ಟೆಪಾಡಿಗೆ ಬಂದ ಕೂಲಿಕಾರರ ಮಕ್ಕಳು ಅಕ್ಷರ ಕಲಿತದ್ದು ಇಂಥ ಶಾಲೆಗಳಲ್ಲೇ. 1960ರ ದಶಕದ ನಡುವೆ ಅಮೆರಿಕದಾದ್ಯಂತ 50 ಲಕ್ಷಕ್ಕೂ ಹೆಚ್ಚು ಮಕ್ಕಳು ಕ್ಯಾಥೊಲಿಕ್ ಶಾಲೆಗಳಲ್ಲಿ ಓದುತ್ತಿದ್ದರು. ಈಗ 20 ಲಕ್ಷವೂ ಇಲ್ಲ.

ಹೀಗೇಕಾಯ್ತು? ಆ ಶಾಲೆಗಳನ್ನು ನಡೆಸಿದ್ದು ಸಿಸ್ಟರ್‌ಗಳ, ಅಂದರೆ ಕ್ರೈಸ್ತ ಸನ್ಯಾಸಿನಿಯರ ದುಡಿಮೆ. ಅವರು ಸಂಬಳ ಅಂತ ಪಡೆಯುತ್ತಿದ್ದದ್ದು ಬಹಳ ಕಡಿಮೆ. ಮಠ ಸೇರುವವರು ಕಡಿಮೆಯಾದರು, ಅವರ ಜಾಗಕ್ಕೆ ಪೂರ್ತಿ ಸಂಬಳದ ಶಿಕ್ಷಕರು ಬಂದರು. ಖರ್ಚು ಏರಿತು, ಫೀಸು ಏರಿತು. ಫೀಸು ಏರಿದಾಗ ಒಂದಷ್ಟು ಮಕ್ಕಳು ಬಿಟ್ಟರು. ಉಳಿದವರ ಮೇಲೆ ಭಾರ ಇನ್ನೂ ಜಾಸ್ತಿಯಾಯ್ತು. ಹಳೇ ಬಡಾವಣೆಗಳ ಕುಟುಂಬಗಳು ನಗರದ ಹೊರಗೆ ಮನೆ ಮಾಡಿಕೊಂಡವು. ನಮ್ಮ ಅನುದಾನಿತ ಶಾಲೆಗಳಲ್ಲಿ ಶಿಕ್ಷಕರ ಸಂಬಳ ಸರ್ಕಾರ ಕೊಡುತ್ತದೆ ಅಲ್ವಾ? ಅಲ್ಲಿ ಆ ಆಸರೆ ಇಲ್ಲ. ಮುಚ್ಚುವ ನಿರ್ಧಾರ ಮಾಡಿದವರನ್ನು ಸುಮ್ನೆ ಬೈಯುವುದು ಸರಿಯಲ್ಲ ಅಂತ ನಾನು ಹೇಳುವುದು ಇದಕ್ಕೇ.

ಮುಚ್ಚಬೇಕೆಂದಿದ್ದ ನಾಲ್ಕರಲ್ಲಿ ಒಂದು ಸೇಂಟ್ ಹ್ಯೂಬರ್ಟ್ ಹೆಣ್ಣುಮಕ್ಕಳ ಹೈಸ್ಕೂಲು. ನಗರದ ಈಶಾನ್ಯಕ್ಕೆ, ಟೊರೆಸ್‌ಡೇಲ್ ಅವೆನ್ಯೂದಲ್ಲಿದೆ. ಅಲ್ಲಿನ ಹುಡುಗಿಯರು ಅಳುತ್ತಾ ಕೂರಲಿಲ್ಲ. ಜನವರಿಯ ಚಳಿಯಲ್ಲಿ ಫಲಕ ಹಿಡಿದು ಬೀದಿಗಿಳಿದರು. ಅವರ ಜೊತೆ ತಾಯಂದಿರು, ಅದೇ ಶಾಲೆಯಲ್ಲಿ ಓದಿದ್ದ ಹಳೇ ವಿದ್ಯಾರ್ಥಿನಿಯರು. ಚೂರು ಚೂರು ಹಣ ಕೂಡಿಸುತ್ತಾ ಕೆಲವೇ ವಾರಗಳಲ್ಲಿ ಸುಮಾರು 10 ಲಕ್ಷ ಡಾಲರ್ ಮುಟ್ಟಿಸಿದರು. ಉಳಿದ ಮೂರು ಶಾಲೆಗಳವರೂ ಸುಮ್ಮನಿರಲಿಲ್ಲ. ಇದನ್ನೆಲ್ಲ ನೋಡಿ ದೊಡ್ಡ ದಾನಿಗಳು ಮುಂದೆ ಬಂದರು. ಫೆಬ್ರವರಿ 24ರಂದು ಧರ್ಮಪ್ರಾಂತ್ಯದ ಮುಖ್ಯಸ್ಥರಾಗಿದ್ದ ಆರ್ಚ್‌ಬಿಷಪ್ ಚಾರ್ಲ್ಸ್ ಶಾಪ್ಯೂ, ನಾಲ್ಕೂ ಹೈಸ್ಕೂಲುಗಳು ನಡೆಯುತ್ತವೆ ಅಂತ ಪ್ರಕಟಿಸಿದರು. ಮೇಲ್ಮನವಿ ಸಲ್ಲಿಸಿದ ಹಲವು ಪ್ರಾಥಮಿಕ ಶಾಲೆಗಳೂ ಉಳಿದವು.

ಏಳು ವಾರ, ಅಷ್ಟೇ. ಅಷ್ಟರಲ್ಲಿ ಇಷ್ಟು ಹಣ ಹುಟ್ಟಿತು ಅಂದರೆ, ಕೊಡುವ ಮನಸ್ಸು ಮೊದಲೂ ಇತ್ತು. ಕೇಳಿದವರಿರಲಿಲ್ಲ. ನನ್ನನ್ನು ಕಾಡುವ ಮಾತು ಇದೇ. ಶಾಲೆಯ ಲೆಕ್ಕ ಕುಸಿಯುತ್ತಿರುವುದು ಪಾಲಕರಿಗೆ ತಿಳಿಯುವುದು ಬೀಗದ ಸುದ್ದಿ ಬಂದ ದಿನ. ಐದು ವರ್ಷ ಮೊದಲೇ ಹೇಳಿದ್ದರೆ?

ಅದೇ ಊರಿನ ಕಾರ್ಡಿನಲ್ ಡೋಹರ್ಟಿ ಹೈಸ್ಕೂಲಿನಲ್ಲಿ 1960ರ ದಶಕದಲ್ಲಿ 5,000ಕ್ಕೂ ಹೆಚ್ಚು ಮಕ್ಕಳಿದ್ದರು. ಜಗತ್ತಿನ ಅತಿ ದೊಡ್ಡ ಕ್ಯಾಥೊಲಿಕ್ ಹೈಸ್ಕೂಲು ಅನ್ನಿಸಿಕೊಂಡಿತ್ತು. 2010ರಲ್ಲಿ ಮುಚ್ಚುವಾಗ ಉಳಿದಿದ್ದವರು ಕೆಲವು ನೂರು ಮಕ್ಕಳು. ಅಷ್ಟು ದೊಡ್ಡ ಹಳೇ ವಿದ್ಯಾರ್ಥಿ ಬಳಗ ಇದ್ದೂ ಅದು ಉಳಿಯಲಿಲ್ಲ.

2012ರ ಹೋರಾಟದಿಂದ ಒಂದು ಗಟ್ಟಿ ಕೆಲಸವಾಯ್ತು. ಫೇತ್ ಇನ್ ದ ಫ್ಯೂಚರ್ ಎಂಬ ಸ್ವತಂತ್ರ ಪ್ರತಿಷ್ಠಾನ ಹುಟ್ಟಿತು. ಧರ್ಮಪ್ರಾಂತ್ಯದ ಹೈಸ್ಕೂಲುಗಳ ಆಡಳಿತ, ಹಣ ಸಂಗ್ರಹ, ಮಕ್ಕಳ ದಾಖಲಾತಿ ಎಲ್ಲದರ ಹೊಣೆ ಅದರ ಕೈಗೆ ಬಂತು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2001ರಿಂದಲೇ ಒಂದು ಕಾನೂನಿದೆ. ವಿದ್ಯಾರ್ಥಿವೇತನಕ್ಕೆ ದುಡ್ಡು ಕೊಟ್ಟ ಕಂಪನಿಗೆ ಅದರ ದೊಡ್ಡ ಪಾಲು ತೆರಿಗೆಯಲ್ಲಿ ಕಡಿತವಾಗುತ್ತದೆ. ಬಡ ಮಕ್ಕಳ ಫೀಸಿಗೆ ಇದು ದೊಡ್ಡ ಆಧಾರ. ಒಮ್ಮೆ ಬಂದು ಹೋಗುವ ದೇಣಿಗೆಗಿಂತ ಪ್ರತಿವರ್ಷ ಬರುವ ಈ ಹಣವನ್ನೇ ನಾನು ಹೆಚ್ಚು ನಂಬುತ್ತೇನೆ.

ಹಾಗಂತ ಎಲ್ಲವೂ ಉಳಿಯಲಿಲ್ಲ. 2021ರಲ್ಲಿ ಹ್ಯಾಲಹನ್ ಹೆಣ್ಣುಮಕ್ಕಳ ಹೈಸ್ಕೂಲು ಮುಚ್ಚಿತು. ಅಮೆರಿಕದಲ್ಲಿ ಧರ್ಮಪ್ರಾಂತ್ಯವೊಂದು ಹೆಣ್ಣುಮಕ್ಕಳಿಗಾಗಿ ತೆರೆದ ಮೊದಲ ಹೈಸ್ಕೂಲು ಅದು. ಅದಕ್ಕೆ ಕೆಲವೇ ತಿಂಗಳು ಮೊದಲು, 2020ರ ನವೆಂಬರ್‌ನಲ್ಲಿ, ಸುದ್ದಿ ಕೊಟ್ಟಿದ್ದರು. ಅದಕ್ಕೂ ಎಂಟು ವರ್ಷ ಮೊದಲು ಅಷ್ಟೆಲ್ಲ ನಡೆದ ಊರಲ್ಲೇ, ಮತ್ತೆ ಅಷ್ಟು ತಡವಾಗಿ ಹೇಳಿದರಲ್ಲ ಅನ್ನುವ ನೋವು ನನಗೆ ಹೋಗಿಲ್ಲ.