ಮೊದಲು ಬಾಯಿಗೆ, ಆಮೇಲೆ ಸ್ಯಾಕ್ಸೊಫೋನಿಗೆ

ಕೇಳುಗರಿಗೆ ನಮಸ್ಕಾರ.

ಬಾಳೋಪಾಟ್ ಹಾಡುವುದನ್ನು ಕೊಡಗಿನಲ್ಲಿ ಯಾರು ಕೇಳಿಲ್ಲ? ನಾಲ್ವರ ಕೈಯಲ್ಲೂ ದುಡಿ ಎಂಬ ಪುಟ್ಟ ಚರ್ಮವಾದ್ಯ. ಇಬ್ಬರು ಒಂದು ಸಾಲು ಹಾಡುತ್ತಾರೆ, ಉಳಿದಿಬ್ಬರು ಅದನ್ನೇ ಹಿಡಿದು ಮರಳಿ ಹಾಡುತ್ತಾರೆ. ಆ ಎರಡನೆಯ ಜೋಡಿಗೆ ಸಾಲು ಬರುವುದು ಕಿವಿಯಿಂದ, ಹಾಳೆಯಿಂದಲ್ಲ. ಸ್ಯಾಕ್ಸೊಫೋನಿನಲ್ಲಿ ಜಾಜ್ ಕಲಿಯಲು ಹೊರಟವರು ಕೂರಬೇಕಾದದ್ದು ಆ ಜೋಡಿಯ ಜಾಗದಲ್ಲಿ.

ಅಮೆರಿಕದ ಜಾಜ್ ವಾದಕ ಲೆಸ್ಟರ್ ಯಂಗ್ ಅವರ ವಾದ್ಯ ಟೆನರ್ ಸ್ಯಾಕ್ಸೊಫೋನ್. ಅವರು ಕಿವಿಗೊಟ್ಟದ್ದು ಮಾತ್ರ ಸಿ ಮೆಲಡಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಫ್ರ್ಯಾಂಕಿ ಟ್ರಂಬಾವರ್ ಅವರಿಗೆ. ಲೆಸ್ಟರ್ ಅವರ ಹಗುರ ನಾದದ ಬೇರು ಅಲ್ಲಿದೆ. ಮುಂದೆ 1937ರ ಬೇಸಿಗೆಯಲ್ಲಿ, ಇನ್ನೂ 17 ತುಂಬದ ಚಾರ್ಲಿ ಪಾರ್ಕರ್, ಲೆಸ್ಟರ್ ಅವರ ರೆಕಾರ್ಡುಗಳನ್ನು ಕೇಳಿ ಕೇಳಿ ಸೋಲೋಗಳನ್ನು, ಅಂದರೆ ಧಾಟಿಯ ಮೇಲೆ ಸ್ವಂತವಾಗಿ ಕಟ್ಟಿ ನುಡಿಸಿದ ಭಾಗಗಳನ್ನು, ಬಾಯಿಪಾಠ ಮಾಡಿಕೊಂಡರು. ಹಾಗೆಂದು ಪಾರ್ಕರ್ ನುಡಿಸಿದರೆ ಲೆಸ್ಟರ್ ಕೇಳಿಸುತ್ತಾರೆಯೇ? ಇಲ್ಲ. ನಕಲು ಮಾಡಿದರೆ ಸ್ವಂತಿಕೆ ಕೆಡುತ್ತದೆ ಎಂಬ ಭಯ ಹೆಚ್ಚಾಗಿ ನಕಲು ಮಾಡಿ ನೋಡದವರದ್ದೇ. ನಮ್ಮ ಕದ್ರಿ ಗೋಪಾಲನಾಥರಿಗೂ ಸ್ಯಾಕ್ಸೊಫೋನಿನ ಹುಚ್ಚು ಹಿಡಿಸಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ನಾದ. ನುಡಿಸಿದ್ದು ಕರ್ನಾಟಕ ಸಂಗೀತ.

ಈಗ ಒಂದು ಹಾಡನ್ನು ಕಲಿಯುವ ಬಗೆ. ಮೊದಲಿಗೆ ಬ್ಲೂಸ್ ಎಂಬ ಬಗೆಯ 12 ಬಾರ್‌ಗಳ ಹಾಡು ಸಾಕು. ಬಾರ್ ಎಂದರೆ ಇಲ್ಲಿ ನಾಲ್ಕು ಬಡಿತದ ಒಂದು ಆವರ್ತ. ಅದೇ ಹಾಡಿನ ಮೂರು ರೆಕಾರ್ಡಿಂಗ್ ಹುಡುಕಿ. ಸಾಹಿತ್ಯವಿದ್ದರೆ ಒಂದಾದರೂ ಹಾಡಿದ್ದಾಗಿರಲಿ. ಒಬ್ಬರದ್ದನ್ನೇ ಕೇಳಿದರೆ ಅವರು ಸೇರಿಸಿದ ಬಳುಕನ್ನೇ ಮೂಲ ಧಾಟಿ ಎಂದು ಕಲಿತುಬಿಡುತ್ತೇವೆ. ಹಾಡಿನ ಮಾತು ಗೊತ್ತಿರಬೇಕು ಎಂಬುದು ಲೆಸ್ಟರ್ ಅವರ ಹಟವಾಗಿತ್ತು. ಮಾತು ಗೊತ್ತಿದ್ದರೆ ಉಸಿರು ಎಲ್ಲಿ ತೆಗೆಯಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ವಾದ್ಯ ಪೆಟ್ಟಿಗೆಯಲ್ಲೇ ಇರಲಿ. ಧಾಟಿಯನ್ನು ಹಾಡಿ. ಗಂಟಲಲ್ಲಿ ತಡವರಿಸಿದ ಬಾರ್ ಬೆರಳಲ್ಲೂ ತಡವರಿಸುತ್ತದೆ. ಆಮೇಲೆ ಬೇಸ್ ವಾದ್ಯ ನುಡಿಸುವ ತಳದ ಸ್ವರಗಳನ್ನು ಹಾಡಿ. ಇಷ್ಟಾದ ಮೇಲೆ ವಾದ್ಯ. ಈ ವಾದ್ಯಗಳಲ್ಲಿ ಹಾಳೆಯ ಸ್ವರದ ಹೆಸರು ಬೇರೆ, ಕೇಳಿಸುವ ಸ್ವರ ಬೇರೆ: ರೆಕಾರ್ಡಿನ ಬಿ ಫ್ಲಾಟ್ ಬ್ಲೂಸ್ ಟೆನರ್‌ನಲ್ಲಿ ಸಿ ಆಗುತ್ತದೆ, ಅದಕ್ಕಿಂತ ಚಿಕ್ಕದಾದ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಜಿ. ಪಿಯಾನೋದವರ ಹಾಳೆಯನ್ನು ಹಾಗೆಯೇ ಓದಿದರೆ ಇಡೀ ಹಾಡು ಬೇರೆ ಶ್ರುತಿಗೆ ಜಾರುತ್ತದೆ.

32 ಬಾರ್‌ಗಳ ಹಾಡಿನಲ್ಲಿ ಎಡವುವ ಜಾಗ ಬೇರೊಂದಿದೆ. ಎಂಟೆಂಟು ಬಾರ್‌ಗಳ ನಾಲ್ಕು ತುಂಡು: ಎ, ಎ, ಬಿ, ಎ. ಸೋಲೋದಲ್ಲಿ ಇದೇ ಸುತ್ತು ಮರಳಿ ಮರಳಿ ಬರುತ್ತದೆ. ಹಾಗಾಗಿ ಒಂದು ಸುತ್ತಿನ ಕೊನೆಯ ಎ, ಮುಂದಿನ ಸುತ್ತಿನ ಎರಡು ಎ, ಒಟ್ಟು ಮೂರು ಒಂದರ ಬೆನ್ನಿಗೊಂದು. ಎಣಿಕೆ ತಪ್ಪುವುದು ಇಲ್ಲೇ. ಬೆರಳು ಏನು ನುಡಿಸುತ್ತಿದ್ದರೂ ಮನಸ್ಸಿನೊಳಗೆ ಮೂಲ ಧಾಟಿ ಓಡುತ್ತಿರಲಿ. ಬಾರ್ ಎಣಿಸುವುದಕ್ಕಿಂತ ಅದು ಗಟ್ಟಿ.

ಸೋಲೋ ಕಟ್ಟಲು ಪ್ರತಿ ಕಾರ್ಡಿನಿಂದ, ಅಂದರೆ ಒಟ್ಟಿಗೆ ಮೊಳಗುವ ಸ್ವರಗುಚ್ಛದಿಂದ, ಎರಡೇ ಸ್ವರ ತೆಗೆದುಕೊಳ್ಳಿ, ಮೂರನೆಯದು ಮತ್ತು ಏಳನೆಯದು. ಡಿ ಮೈನರ್ ಸೆವೆನ್‌ನಿಂದ ಜಿ ಸೆವೆನ್‌ಗೆ ಹೋಗುವಾಗ ಸಿ ಸ್ವರ ಅರ್ಧ ಮೆಟ್ಟಿಲು ಇಳಿದು ಬಿ ಆಗುತ್ತದೆ, ಎಫ್ ಇದ್ದಲ್ಲೇ ಇರುತ್ತದೆ. ಆ ಇಳಿಕೆಯೊಂದನ್ನೇ ನುಡಿಸಿದರೂ ಕಾರ್ಡ್ ಬದಲಾದದ್ದು ಕೇಳುವವರಿಗೆ ತಿಳಿಯುತ್ತದೆ. ಸ್ಕೇಲ್‌ಗಳನ್ನು ಏರಿ ಇಳಿಯುತ್ತಿದ್ದರೆ ತಿಳಿಯುವುದಿಲ್ಲ.

ಲಯಕ್ಕೆ, ಬಡಿತ ಕೊಡುವ ಮೆಟ್ರೋನೋಮ್ ಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಡಿ. ಆ ಬಡಿತವನ್ನು ಒಂದು, ಮೂರು ಎನ್ನದೆ ಎರಡು, ನಾಲ್ಕು ಎಂದು ತಿಳಿಯಿರಿ. ಹಾಡಿನ ವೇಗ ಆಗ 120. ಸಮಕ್ಕೆ ತಟ್ಟಿ ಬೆಳೆದ ಕೈಗೆ ಮೊದಲ ವಾರ ಇದು ಕಿರಿಕಿರಿಯೇ.

ನಾದದ ಸಾಧನೆಗೆ ದಿನಕ್ಕೆ 15 ನಿಮಿಷ ಮೀಸಲಿಡಿ. ಎಲ್ಲಕ್ಕಿಂತ ಕೆಳಗಿನ ಬಿ ಫ್ಲಾಟ್ ಹಿಡಿದು, ಬೆರಳು ಕದಲಿಸದೆ, ಗಂಟಲು ಮತ್ತು ನಾಲಗೆಯ ನೆಲೆಯಿಂದಲೇ ಮೇಲಿನ ಷಡ್ಜ, ಪಂಚಮ, ಮತ್ತೆ ಷಡ್ಜ, ಅದರ ಮೇಲಿನ ಗಾಂಧಾರ ಹೊರಡಿಸಿ. ಹೊರಡಲಿಲ್ಲವೆಂದು ತುಟಿ ಕಚ್ಚಿದರೆ ನಾದ ಬಿಗಿದು ತೆಳುವಾಗುತ್ತದೆ. ಇದು ನೆರೆಹೊರೆಗೆ ಹಿತವಾದ ಸದ್ದಲ್ಲ. ಟೆನರ್ ವಾದಕ ಸಾನಿ ರೋಲಿನ್ಸ್ 1959ರಿಂದ 1961ರವರೆಗೆ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಹೋಗಿ ಸಾಧನೆ ಮಾಡಿದ್ದು ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು. ನಮಗೆ ಕಾಫಿ ತೋಟವಿದೆ.

ಚಳಿಗಾಲದ ಬೆಳಿಗ್ಗೆ ತಣ್ಣನೆಯ ವಾದ್ಯ ಶ್ರುತಿಗಿಂತ ಕೆಳಗೇ ಮಾತಾಡುತ್ತದೆ. ಐದು ನಿಮಿಷ ಊದಿ ಬೆಚ್ಚಗಾದ ಮೇಲೆ ಶ್ರುತಿ ನೋಡಿ. ಆಗಲೂ ಕೆಳಗಿದ್ದರೆ ಬಾಯಿಗಿಟ್ಟು ಊದುವ ಮೌತ್‌ಪೀಸನ್ನು ತುಸು ಒಳಗೆ ತಳ್ಳಿ. ಮಳೆಗಾಲದಲ್ಲಿ ಒದ್ದೆ ರೀಡನ್ನು, ಅಂದರೆ ಊದಿದಾಗ ಕಂಪಿಸುವ ತೆಳು ಪಟ್ಟಿಯನ್ನು, ಮೌತ್‌ಪೀಸಿನಲ್ಲೇ ಬಿಟ್ಟರೆ ಬೂಸಲು ಖಂಡಿತ. ನಾಲ್ಕು ರೀಡ್ ಸರದಿಯಲ್ಲಿ ಬಳಸಿ, ಒರೆಸಿ, ಸಮತಟ್ಟಾಗಿ ಇಟ್ಟು ಒಣಗಿಸಿ. ಜಿ ಶಾರ್ಪ್ ಸ್ವರದ ತೂತು ಮುಚ್ಚುವ ಪ್ಯಾಡ್ ಅಂಟಿಕೊಂಡರೆ ಪೌಡರ್ ಹಾಕಬೇಡಿ. ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿ, ಬಿಡಿಸಿ, ತೆಗೆಯಿರಿ. ಅಂಟುವುದಕ್ಕೆ ತೇವವೊಂದೇ ಕಾರಣವಲ್ಲ, ಬೆಲ್ಲದ ಕಾಫಿ ಕುಡಿದ ಬಾಯಲ್ಲೇ ಊದುವುದೂ ಕಾರಣ. ಕಾಫಿ ಬಿಡಿ ಎಂದು ಕೊಡಗಿನಲ್ಲಿ ಹೇಳುವ ಧೈರ್ಯ ನನಗಿಲ್ಲ. ಕುಡಿದು, ಬಾಯಿ ಮುಕ್ಕಳಿಸಿ, ಊದಿ.